ಊಟ ಇಳಿಯದವರು ಪೇಷೆಂಟ್ ರಿಜಿಸ್ಟ್ರಿಗೆ ಸೇರುವುದು ಹೇಗೆ: ಕೊಡಗಿನ ಮನೆಗಳಿಗಾಗಿ

ಅಮ್ಮ ಊಟದ ಮಧ್ಯೆ ಎದ್ದು ನಿಲ್ಲುತ್ತಿದ್ದರು. ಒಂದು ಕೈ ಕಂಬದ ಮೇಲೆ, ಇನ್ನೊಂದರಲ್ಲಿ ಬಿಸಿನೀರಿನ ಲೋಟ. ಬೆನ್ನು ನೆಟ್ಟಗೆ ಮಾಡಿ, ಗಲ್ಲ ಮೇಲೆತ್ತಿ, ಒಂದು ಗುಟುಕು ಕುಡಿದು ಕಾಯುತ್ತಿದ್ದರು. ಎದೆಯೊಳಗೆ ಸಿಕ್ಕಿಕೊಂಡದ್ದು ಜಾರಿದ ಮೇಲೆ ಮತ್ತೆ ಬಂದು ಕೂರುತ್ತಿದ್ದರು. ಕಡಂಬುಟ್ಟು ಅಂದರೆ ಅವರಿಗೆ ಪ್ರಾಣ, ಆದರೆ ಎರಡು ಉಂಡೆ ತಿನ್ನಲು ಮುಕ್ಕಾಲು ಗಂಟೆ ಬೇಕಿತ್ತು. ಮದುವೆಗೆ ಹೋದರೆ ಹಸಿವಿಲ್ಲ ಅಂತ ಹೇಳಿ ಊಟಕ್ಕೆ ಕೂರುತ್ತಲೇ ಇರಲಿಲ್ಲ. ನಾಲ್ಕು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಐದನೇ ವರ್ಷ ಬೇರೆ ಊರಿನ ಡಾಕ್ಟರೊಬ್ಬರು ಮ್ಯಾನೊಮೆಟ್ರಿ, ಅಂದರೆ ಅನ್ನನಾಳದೊಳಗಿನ ಒತ್ತಡ ಅಳೆಯುವ ಟೆಸ್ಟ್, ಮಾಡಿಸಿ ಅಕಲೇಷಿಯಾ ಅಂದರು. ಅನ್ನನಾಳದ ಕೆಳಗಿನ ಬಾಗಿಲು ತೆರೆಯಬೇಕಾದಾಗ ತೆರೆಯದ ಕಾಯಿಲೆ ಅದು.

ಅದಾದ ಮೇಲೆ ಅಮ್ಮನ ಹೆಸರನ್ನು ರಿಜಿಸ್ಟ್ರಿಯೊಂದಕ್ಕೆ, ಅಂದರೆ ಈ ಕಾಯಿಲೆಯವರ ಮಾಹಿತಿ ಕೂಡಿಸಿಡುವ ಪಟ್ಟಿಯೊಂದಕ್ಕೆ, ಸೇರಿಸಿದೆವು. ಆಗ ಏನೇನು ಕಲಿತೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲಿಂದ ಓದುತ್ತಿದ್ದರೂ ಕೆಲಸಕ್ಕೆ ಬರುತ್ತದೆ ಅಂದುಕೊಂಡಿದ್ದೇನೆ. ಸೇರುವುದು ಅರ್ಧ ದಿನದ ಕೆಲಸ. ಅದಕ್ಕೆ ಮೊದಲಿನ ತಯಾರಿ, ಆಮೇಲೆ ವರ್ಷಗಟ್ಟಲೆ ಉತ್ತರ ಕೊಡುತ್ತಾ ಹೋಗುವುದು, ಈ ಎರಡರಲ್ಲೇ ಎಲ್ಲ ಇದೆ.

ಯಾಕೆ ಬೇಕು ಇದು

ನಾವು ನುಂಗಿದ ತುತ್ತು ಭಾರಕ್ಕೆ ತಾನಾಗಿ ಕೆಳಗೆ ಬೀಳುವುದಿಲ್ಲ. ಅನ್ನನಾಳ, ಹೊಟ್ಟೆ, ಕರುಳು ಎಲ್ಲದರ ಗೋಡೆಯಲ್ಲೂ ಸ್ನಾಯು ಇದೆ, ಅದನ್ನು ನಡೆಸುವ ನರಗಳಿವೆ, ಅವು ಹಿಂಡಿ ಹಿಂಡಿ ಮುಂದಕ್ಕೆ ತಳ್ಳುತ್ತವೆ. ಈ ತಳ್ಳಾಟ ಕೆಟ್ಟರೆ ಬರುವುದೇ ಚಲನೆಯ ಕಾಯಿಲೆಗಳು. ಅನ್ನನಾಳದಲ್ಲಿ ಅಕಲೇಷಿಯಾ. ಹೊಟ್ಟೆ ಬೇಗ ಖಾಲಿಯಾಗದಿದ್ದರೆ ಗ್ಯಾಸ್ಟ್ರೋಪರೆಸಿಸ್, ಇದು ಸಕ್ಕರೆ ಕಾಯಿಲೆಯವರಲ್ಲಿ, ಕೆಲವು ಆಪರೇಷನ್ ಆದವರಲ್ಲಿ ಬರುತ್ತದೆ, ಕಾರಣವೇ ಸಿಗದವರೂ ತುಂಬಾ ಜನ ಇದ್ದಾರೆ. ಸಣ್ಣ ಕರುಳಿನಲ್ಲಿ ಸೂಡೋ ಅಬ್‌ಸ್ಟ್ರಕ್ಷನ್, ಅಂದರೆ ಏನೂ ಅಡ್ಡ ಇಲ್ಲದಿದ್ದರೂ ಅಡ್ಡ ಇದ್ದ ಹಾಗೆ ಕರುಳು ನಿಂತುಬಿಡುವುದು. ಮಕ್ಕಳಲ್ಲಿ ಹರ್ಷ್‌ಸ್ಪ್ರಂಗ್, ಸುಮಾರು 5,000 ಹೆರಿಗೆಗೆ ಒಂದು ಮಗುವಿಗೆ, ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಇರಬೇಕಾದ ನರಕೋಶಗಳು ಹುಟ್ಟಿನಿಂದಲೇ ಇರುವುದಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಅಕಲೇಷಿಯಾ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುತ್ತದೆ ಅನ್ನುವುದು ಸಾಮಾನ್ಯವಾಗಿ ಹಿಡಿಯುವ ಅಂದಾಜು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5.54 ಲಕ್ಷ. ಅಂದರೆ ಇಡೀ ಜಿಲ್ಲೆಗೆ ವರ್ಷಕ್ಕೆ ಐದಾರು ಜನ. ಆ ಐದಾರು ಜನರಲ್ಲೂ ಒಬ್ಬರು ಮೈಸೂರಿಗೆ, ಇನ್ನೊಬ್ಬರು ಮಂಗಳೂರಿಗೆ, ಮತ್ತೊಬ್ಬರು ಮಗ ಇರುವ ಬೆಂಗಳೂರಿಗೆ, ವಿರಾಜಪೇಟೆ ಕಡೆಯವರು ಘಾಟಿ ಇಳಿದು ಕಣ್ಣೂರಿಗೆ ಹೋಗುತ್ತಾರೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ಬಸ್ಸು ಎಲ್ಲಿಗೆ ಸಿಗುತ್ತದೋ ಅಲ್ಲಿಗೆ ಹೋಗುವುದು. ಒಬ್ಬ ಡಾಕ್ಟರ್ ಕಣ್ಣಿಗೆ ಇವರೆಲ್ಲ ಒಟ್ಟಿಗೆ ಬೀಳುವುದೇ ಇಲ್ಲ. ಹೀಗೆ ಚದುರಿದವರ ಮಾಹಿತಿಯನ್ನು ಒಂದೇ ರೀತಿಯ ಪ್ರಶ್ನೆ ಕೇಳಿ, ಒಂದು ಕಡೆ ಕೂಡಿಸಿ, ವರ್ಷಾನುಗಟ್ಟಲೆ ಗಮನಿಸುವ ಪಟ್ಟಿಗೇ ಪೇಷೆಂಟ್ ರಿಜಿಸ್ಟ್ರಿ ಅನ್ನುವುದು.

ಇದರಿಂದ ಏನಾಗಿದೆ ಅಂತ ಕೇಳಿದರೆ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಡಿಡಿಕೆ 2006ರಲ್ಲಿ ಗ್ಯಾಸ್ಟ್ರೋಪರೆಸಿಸ್‌ಗೆ ಅಂತಲೇ ಕೆಲವು ಆಸ್ಪತ್ರೆಗಳ ಒಂದು ಕೂಟ ಕಟ್ಟಿತು, ಆ ಕೂಟದ ರಿಜಿಸ್ಟ್ರಿ 2007ರಲ್ಲಿ ಶುರುವಾಯಿತು. ಹೊಟ್ಟೆ ನಿಧಾನ ಅಂತ ಟೆಸ್ಟಿನಲ್ಲಿ ಬಂದವರನ್ನೂ, ಅದೇ ತೊಂದರೆ ಇದ್ದು ಟೆಸ್ಟ್ ನಾರ್ಮಲ್ ಬಂದವರನ್ನೂ ಅವರು ಸೇರಿಸಿಕೊಂಡರು. 48 ವಾರ ಕಳೆದು ಮತ್ತೆ ಟೆಸ್ಟ್ ಮಾಡಿದಾಗ ಎರಡೂ ಗುಂಪಿನಲ್ಲಿ ಸುಮಾರು 40 ಶೇಕಡಾ ಜನ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿದ್ದರು. ತೊಂದರೆ ಮಾತ್ರ ಹಾಗೇ ಇತ್ತು. ಅಂದರೆ ಟೆಸ್ಟ್ ನಾರ್ಮಲ್ ಬಂತು, ನಿಮಗೇನೂ ಇಲ್ಲ ಅಂತ ಯಾರನ್ನೂ ಕಳಿಸುವ ಹಾಗಿಲ್ಲ. ಜನ ಮೊದಲ ದಿನ ಹೆಸರು ಬರೆಸಿ ಸುಮ್ಮನಾಗಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಹೊಟ್ಟೆ ಆಡಲಿಲ್ಲ ಅಂತ ನರಳುವ ಎಷ್ಟೋ ಹೆಂಗಸರಿಗೆ "ನಿಮ್ಮದು ಬರೀ ಟೆನ್ಷನ್" ಅನ್ನುವ ಮಾತು ಸಿಗುತ್ತಲ್ಲ, ಅದಕ್ಕೆ ಇದು ಉತ್ತರ.

ಅಲ್ಲಿನ ರಿಜಿಸ್ಟ್ರಿ ಇದೆಯಲ್ಲ, ನಮ್ಮದು ಯಾಕೆ ಅನ್ನಬೇಡಿ. ವಾಂತಿ ನಿಲ್ಲಲು, ಹೊಟ್ಟೆ ಖಾಲಿಯಾಗಲು ಕೊಡುವ ಡೊಂಪೆರಿಡೋನ್ ನಮ್ಮಲ್ಲಿ ಯಾವ ಮೆಡಿಕಲ್ ಶಾಪಿನಲ್ಲೂ ಇರುವ ಮಾತ್ರೆ, ಅಮೆರಿಕದಲ್ಲಿ ಅದಕ್ಕೆ ಮಾಮೂಲಿ ಮಾರಾಟದ ಅನುಮತಿಯೇ ಇಲ್ಲ. ಅವರ ಊಟ ಬೇರೆ, ನಾವು ಮೂರು ಹೊತ್ತು ಅಕ್ಕಿ ತಿನ್ನುವವರು. ನಮ್ಮ ಅನುಭವ ನಾವೇ ಬರೆಸಬೇಕು.

ಮೊದಲು ಕಾಯಿಲೆಯ ಪೂರ್ತಿ ಹೆಸರು ಬರೆಸಿಕೊಳ್ಳಿ

"ಗ್ಯಾಸ್ಟ್ರಿಕ್", "ಹೊಟ್ಟೆ ವೀಕು" ಇವೆಲ್ಲ ರಿಜಿಸ್ಟ್ರಿಗೆ ನಡೆಯುವುದಿಲ್ಲ. ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿ: ಕಾಯಿಲೆಯ ಹೆಸರೇನು, ಯಾವ ಟೆಸ್ಟಿನಿಂದ ಗೊತ್ತಾಯಿತು. ಅಕಲೇಷಿಯಾದಲ್ಲಿ ಮೂರು ಟೈಪ್ ಇದೆ, ಚಿಕಿತ್ಸೆ ಹೇಗೆ ಹಿಡಿಯುತ್ತದೆ ಅನ್ನುವುದು ಟೈಪಿನ ಮೇಲೂ ಹೋಗುತ್ತದೆ, ಹಾಗಾಗಿ ಟೈಪ್ ಎಷ್ಟು ಅಂತಲೂ ಚೀಟಿಯಲ್ಲಿ ಬರೆಸಿ. ಎಂಡೋಸ್ಕೋಪಿ ಒಂದರಿಂದಲೇ ಇದು ಪಕ್ಕಾ ಆಗುವುದಿಲ್ಲ, ಮ್ಯಾನೊಮೆಟ್ರಿ ಬೇಕು, ಜೊತೆಗೆ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ.

ಗ್ಯಾಸ್ಟ್ರೋಪರೆಸಿಸ್ ಆದರೆ ಹೊಟ್ಟೆ ಖಾಲಿಯಾಗುವ ಸ್ಕ್ಯಾನ್. ಸ್ವಲ್ಪ ವಿಕಿರಣ ಬೆರೆಸಿದ ಊಟ ಕೊಟ್ಟು 4 ಗಂಟೆ ನೋಡುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಮೊಟ್ಟೆಯ ಬಿಳಿ, ಬ್ರೆಡ್, ಜಾಮ್, ನೀರು ಕೊಡುತ್ತಾರೆ, 4 ಗಂಟೆಯ ನಂತರ 10 ಶೇಕಡಾಕ್ಕಿಂತ ಜಾಸ್ತಿ ಉಳಿದರೆ ನಿಧಾನ ಅಂತ ಲೆಕ್ಕ. ಮೊಟ್ಟೆ ತಿನ್ನದವರಿಗೆ ಬೇರೆ ಊಟ ಕೊಟ್ಟಿದ್ದರೆ ಆ 10ರ ಲೆಕ್ಕ ಹಾಗೇ ಹೊಂದುವುದಿಲ್ಲ. ಆದ್ದರಿಂದ ಏನು ತಿನ್ನಿಸಿದರು, ಎಷ್ಟು ಗಂಟೆ ನೋಡಿದರು, ಅವತ್ತು ಶುಗರ್ ಎಷ್ಟಿತ್ತು, ಯಾವ ಮಾತ್ರೆ ನಿಲ್ಲಿಸಿದ್ದರು, ಇಷ್ಟನ್ನು ಅವತ್ತೇ ರಿಪೋರ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮರುದಿನಕ್ಕೆ ಮರೆತುಹೋಗುತ್ತದೆ.

ಕಾಗದಪತ್ರದ ಚೀಲ

ಮೊದಲು ತೋರಿಸಿದ ಒಂದು ಆಸ್ಪತ್ರೆಯಲ್ಲಿ ಅಮ್ಮನ ಬೇರಿಯಂ ಫಿಲಂ ಇಟ್ಟುಕೊಂಡರು, ಮುಂದೆ ಕೇಳಲು ಹೋದಾಗ ಸಿಗುತ್ತಿಲ್ಲ ಅಂದರು. ಮತ್ತೆ ಎಕ್ಸ್‌ರೇ, ಮತ್ತೆ ದುಡ್ಡು, ಮತ್ತೆ ಆ ಸುಣ್ಣದಂತಹ ದ್ರವ ಕುಡಿಯುವ ಹಿಂಸೆ. ಅವತ್ತಿನಿಂದ ಒರಿಜಿನಲ್ ನಮ್ಮ ಹತ್ತಿರ, ಜೆರಾಕ್ಸ್ ಅವರಿಗೆ.

ಕೊಡಗಿನಲ್ಲಿ ಕಾಗದ ಉಳಿಸುವುದೇ ಒಂದು ಕೆಲಸ ಅನ್ನುವುದು ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ. ಸಿಡಿ ಮೇಲೂ ಬರುತ್ತದೆ. ನುಣುಪು ಕಾಗದದ ಪ್ರಿಂಟ್ ಕೆಲವು ಎರಡು ವರ್ಷದಲ್ಲಿ ಮಾಸಿ ಬೆಳ್ಳಗಾಗುತ್ತವೆ. ಎಲ್ಲವನ್ನೂ ಬಿಸಿಲಿನ ದಿನ ಹೊರಗೆ ಹಾಸಿ, ಮೊಬೈಲಿನಲ್ಲಿ ನೆರಳು ಬೀಳದ ಹಾಗೆ ಫೋಟೋ ತೆಗೆದು, ಹೆಸರಿನ ಬದಲು ತಾರೀಖು ಹಾಕಿ ಸೇವ್ ಮಾಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲೇ ಹೊರಟರು, ಅವರಿಗೆ ಯಾವ ಫೈಲೂ ಉಳಿಯಲಿಲ್ಲ. ಫೋಟೋಗಳ ಒಂದು ಪ್ರತಿ ಊರಿನ ಹೊರಗಿರುವ ಮಗಳಿಗೋ ತಮ್ಮನಿಗೋ ಕಳಿಸಿಡಿ.

ಮಾತ್ರೆಗಳ ಪಟ್ಟಿ ಮಾಡುವಾಗ ಹೊಟ್ಟೆಗೆ ತೆಗೆದುಕೊಳ್ಳುವುದನ್ನು ಮಾತ್ರ ಬರೆಯಬೇಡಿ. ಟ್ರಾಮಡಾಲ್‌ನಂತಹ ನೋವಿನ ಮಾತ್ರೆ ಕರುಳನ್ನು ನಿಧಾನ ಮಾಡುತ್ತದೆ. ಶುಗರ್ ಮತ್ತು ತೂಕಕ್ಕೆ ಕೊಡುವ ಸೆಮಾಗ್ಲುಟೈಡ್ ಹೊಟ್ಟೆಯನ್ನು ನಿಧಾನ ಮಾಡುತ್ತದೆ. ನಾಟಿ ಮದ್ದು ಕುಡಿಯುತ್ತಿದ್ದರೆ ಅದನ್ನೂ ಹೇಳಿ, ಯಾರೂ ಬೈಯುವುದಿಲ್ಲ, ಬೈದರೂ ಹೇಳಿ.

ವಾಂತಿಯಾ, ವಾಪಸ್ ಬಂದದ್ದಾ?

ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಅಮ್ಮನ ನಾಲ್ಕು ವರ್ಷ ಹೋದದ್ದು ಇಲ್ಲೇ.

ನಾವು ಬಾಯಿಂದ ಹೊರಗೆ ಬಂದದ್ದಕ್ಕೆಲ್ಲ ವಾಂತಿ ಅನ್ನುತ್ತೇವೆ. ಅಮ್ಮನೂ ಪ್ರತಿ ಡಾಕ್ಟರಿಗೂ "ಊಟ ಆದ ಮೇಲೆ ವಾಂತಿ" ಅಂತಲೇ ಹೇಳಿದ್ದು. ಕೊನೆಗೆ ಒಬ್ಬರು ಕೇಳಿದರು: ಅದು ಹುಳಿ ಇತ್ತಾ, ಕಹಿ ಇತ್ತಾ, ಅಥವಾ ತಿಂದ ಅನ್ನ ತಿಂದ ಹಾಗೇ ಇತ್ತಾ? ಅಮ್ಮ ಯೋಚಿಸಿ, ಅನ್ನ ಅನ್ನದ ಹಾಗೇ ಇರುತ್ತದೆ, ಹುಳಿಯೂ ಇಲ್ಲ, ಓಕರಿಕೆಯೂ ಬರುವುದಿಲ್ಲ, ಬಗ್ಗಿದರೆ ತಾನಾಗಿ ಬರುತ್ತದೆ ಅಂದರು. ಊಟ ಹೊಟ್ಟೆಗೇ ಹೋಗಿರಲಿಲ್ಲ! ರಾತ್ರಿ ದಿಂಬು ಒದ್ದೆಯಾಗುವುದು, ಮಲಗಿದರೆ ಕೆಮ್ಮು ಬರುವುದು, ಮೂರು ದಿಂಬು ಇಟ್ಟುಕೊಂಡು ಮಲಗುವುದು, ಇವೆಲ್ಲ ಅದರದ್ದೇ ಭಾಗ. ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ರಿಜಿಸ್ಟ್ರಿಯ ಫಾರ್ಮಿನಲ್ಲಿ ಇವು ಬೇರೆ ಬೇರೆ ಪ್ರಶ್ನೆ. ಹೊಟ್ಟೆ ತೊಳಸಿದ ಹಾಗಾಗುವುದು ಒಂದು. ವಾಂತಿ ಬರದೆ ಬರೀ ಓಕರಿಸುವುದು ಇನ್ನೊಂದು. ನಿಜವಾದ ವಾಂತಿ ಮತ್ತೊಂದು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಊಟವಾಗಿ ಎಷ್ಟೋ ಹೊತ್ತಾದರೂ ಭಾರ ಇಳಿಯದಿರುವುದು, ಹೊಟ್ಟೆ ಉಬ್ಬರ, ಹೊಟ್ಟೆ ಕಣ್ಣಿಗೆ ಕಾಣುವಷ್ಟು ದೊಡ್ಡದಾಗುವುದು, ಇವೂ ಬೇರೆ ಬೇರೆ. ಗ್ಯಾಸ್ಟ್ರೋಪರೆಸಿಸ್‌ಗೆ ಜಾಸ್ತಿ ಬಳಸುವ ಜಿಸಿಎಸ್‌ಐ ಅನ್ನುವ ಪಟ್ಟಿಯಲ್ಲಿ ಹೀಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 5ರ ತನಕ ಅಂಕ, ಕಳೆದ ಎರಡು ವಾರದ್ದನ್ನು ನೆನೆದು ಕೊಡಬೇಕು. ಅಕಲೇಷಿಯಾಗೆ ಎಕಾರ್ಟ್ ಸ್ಕೋರ್: ನುಂಗಲು ತೊಂದರೆ, ಊಟ ವಾಪಸ್ ಬರುವುದು, ಎದೆ ನೋವು, ತೂಕ ಇಳಿದದ್ದು, ಒಂದೊಂದಕ್ಕೆ 3ರಂತೆ ಒಟ್ಟು 12.

ಎರಡು ವಾರದ್ದು ನೆನಪಿನಿಂದ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಫಾರ್ಮ್ ತುಂಬುವ ಮೊದಲು 14 ದಿನ ಗೋಡೆಯ ಕ್ಯಾಲೆಂಡರಿನ ಚೌಕದಲ್ಲೇ ಬರೆಯಿರಿ. ಏನು ತಿಂದೆ, ಎಷ್ಟು ಹೊತ್ತು ಹಿಡಿಯಿತು, ಏನಾಯಿತು, ಮೂರೇ ಮಾತು. ನೂಲ್‌ಪುಟ್ಟು ಇಳಿಯುತ್ತದೆ ಅಕ್ಕಿರೊಟ್ಟಿ ಇಳಿಯುವುದಿಲ್ಲ ಅಂತಿದ್ದರೆ ಹಾಗೇ ಬರೆಯಿರಿ. ವಾರಕ್ಕೊಮ್ಮೆ ತೂಕ, ಒಂದೇ ಕಾಟಾದಲ್ಲಿ, ಕಾಟಾ ಮನೆಯಲ್ಲಿ ಇಲ್ಲದಿದ್ದರೆ ಕಾಫಿ ಮೂಟೆ ತೂಗುವ ಕಾಟಾನೇ ಆಗಬಹುದು. ಮಲದ ವಿಷಯ ಬರೆಯಲು ನಾಚಿಕೆ ಬೇಡ, ಬ್ರಿಸ್ಟಲ್ ಚಾರ್ಟ್ ಅಂತ 7 ಚಿತ್ರಗಳ ಪಟ್ಟಿ ಇದೆ, ನಂಬರ್ ಬರೆದರೆ ಸಾಕು. ಹಬ್ಬದ ದಿನ ಬಿಡಬೇಡಿ, ಕೈಲ್‌ಪೊಳ್ದ್ ದಿನ ಎರಡು ತುತ್ತು ಜಾಸ್ತಿ ತಿಂದು ರಾತ್ರಿಯಿಡೀ ಕೂತಿದ್ದರೆ ಅದೂ ಲೆಕ್ಕಕ್ಕೆ ಬರಬೇಕು. ಚೆನ್ನಾಗಿದ್ದ ದಿನವನ್ನೂ ಬಿಡಬೇಡಿ. ಬರೀ ಕೆಟ್ಟ ದಿನ ಬರೆದರೆ ಯಾವ ಮದ್ದು ಹಿಡಿಯಿತು ಅಂತ ತಿಳಿಯುವುದು ಹೇಗೆ?

ಎಲ್ಲಿ ಹುಡುಕುವುದು

ಮೊದಲು ಟೆಸ್ಟ್ ಮಾಡಿದ ಆಸ್ಪತ್ರೆಯ ಗ್ಯಾಸ್ಟ್ರೋ ವಿಭಾಗದಲ್ಲೇ ಕೇಳಿ. "ನಿಮ್ಮಲ್ಲಿ ಈ ಕಾಯಿಲೆಯವರ ರಿಜಿಸ್ಟ್ರಿ ಇದೆಯಾ, ಇಲ್ಲದಿದ್ದರೆ ಯಾರು ನಡೆಸುತ್ತಿದ್ದಾರೆ?" ಅಷ್ಟೇ ಪ್ರಶ್ನೆ. ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ಉತ್ತರ ಸಿಗುವ ಸಾಧ್ಯತೆ ಜಾಸ್ತಿ. ನಮ್ಮ ಮಡಿಕೇರಿಯ ಮೆಡಿಕಲ್ ಕಾಲೇಜಿನಲ್ಲೂ ವಿಚಾರಿಸಿ, ಅಲ್ಲಿನವರು ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸಬಹುದು.

ಎರಡನೆಯದು ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ಪಟ್ಟಿ. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಐಸಿಎಂಆರ್ 2007ರ ಜುಲೈನಲ್ಲಿ ಶುರು ಮಾಡಿದ್ದು, ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಹುಡುಕುವ ಜಾಗದಲ್ಲಿ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ. ಮದ್ದು ಪರೀಕ್ಷಿಸುವ ಟ್ರಯಲ್ ಜೊತೆಗೆ ಬರೀ ಗಮನಿಸುವ ಅಧ್ಯಯನಗಳೂ ಅಲ್ಲಿ ಬರುತ್ತವೆ. ಯಾವ ಊರಿನ ಆಸ್ಪತ್ರೆ, ಈಗಲೂ ಜನರನ್ನು ಸೇರಿಸಿಕೊಳ್ಳುತ್ತಿದ್ದಾರಾ, ಯಾರನ್ನು ಸಂಪರ್ಕಿಸಬೇಕು, ಎಲ್ಲ ಇರುತ್ತದೆ. ಹುಟ್ಟಿನಿಂದ ಬಂದ ಅಪರೂಪದ ಕಾಯಿಲೆ ಆದರೆ ಐಸಿಎಂಆರ್‌ನ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ರಿಜಿಸ್ಟ್ರಿ ಬಗ್ಗೆ ಮಕ್ಕಳ ಡಾಕ್ಟರ್ ಹತ್ತಿರ ಕೇಳಿ.

ಹೊರದೇಶದ ರಿಜಿಸ್ಟ್ರಿಗಳಲ್ಲಿ ಕೆಲವಕ್ಕೆ ಅವರದೇ ಆಸ್ಪತ್ರೆಯಲ್ಲಿ ತೋರಿಸಿದವರು ಮಾತ್ರ ಸೇರಬಹುದು, ಕೆಲವು ಆನ್‌ಲೈನ್. ಸೇರುವ ಮೊದಲು ಭಾರತದವರಿಗೆ ಅವಕಾಶ ಇದೆಯಾ ನೋಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಸೇರಲು ದುಡ್ಡು ಕೇಳಿದರೆ, ಓಟಿಪಿ ಕೇಳಿದರೆ, ಬ್ಯಾಂಕ್ ವಿವರ ಕೇಳಿದರೆ, ಯಾವುದೋ ಪುಡಿ ಮಾರಲು ಬಂದರೆ, ಅದು ರಿಜಿಸ್ಟ್ರಿ ಅಲ್ಲ.

ಸಹಿ ಹಾಕುವ ಮೊದಲು

ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವುದು ಅವರ ಕರ್ತವ್ಯ, ಐಸಿಎಂಆರ್‌ನ 2017ರ ನಿಯಮಾವಳಿ ಹಾಗೆ ಹೇಳುತ್ತದೆ. ಓದಲು ಬರದವರಿಗೆ ಓದಿ ಹೇಳಬೇಕು, ಹೆಬ್ಬೆಟ್ಟು ಹಾಕಿಸುವಾಗ ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಸಾಕ್ಷಿ ಇರಬೇಕು. ಲೈನ್ ಮನೆಯಲ್ಲಿರುವ ಕೂಲಿಯವರನ್ನು ಕರೆದುಕೊಂಡು ಹೋಗುವವರು ಇದನ್ನು ದಯವಿಟ್ಟು ನೆನಪಿಡಿ. ತೋಟದ ಮಾಲೀಕರೋ ರೈಟರೋ ಜೊತೆಗೆ ನಿಂತಿದ್ದರೆ ಕೂಲಿಯವರು ಬೇಡ ಅನ್ನುವುದು ಹೇಗೆ? ಹೊರಗೆ ನಿಂತುಕೊಳ್ಳಿ.

ಕೇಳಬೇಕಾದದ್ದು: ಎಥಿಕ್ಸ್ ಕಮಿಟಿ, ಅಂದರೆ ಅಧ್ಯಯನದಿಂದ ರೋಗಿಗಳಿಗೆ ಅನ್ಯಾಯವಾಗದ ಹಾಗೆ ನೋಡಿಕೊಳ್ಳುವ ಸಮಿತಿ, ಅದರ ಒಪ್ಪಿಗೆ ಇದೆಯಾ? ಹೆಸರು, ಫೋನ್ ನಂಬರ್ ತೆಗೆದು ಕೋಡ್ ಹಾಕಿ ಇಡುತ್ತಾರಾ? ಯಾರಿಗೆಲ್ಲ ಕೊಡುತ್ತಾರೆ, ಕಂಪನಿಗೂ ಕೊಡುತ್ತಾರಾ, ಹೊರದೇಶಕ್ಕೂ ಹೋಗುತ್ತದಾ? ರಕ್ತ ಅಥವಾ ಅಂಗಾಂಶ ತೆಗೆಯುವುದಾದರೆ ಅದಕ್ಕೆ ಬೇರೆ ಒಪ್ಪಿಗೆ ಇದೆಯಾ? ಬೇಡ ಅನಿಸಿದ ದಿನ ಹೊರಗೆ ಬರುವುದು ಹೇಗೆ, ಆಗ ಕೊಟ್ಟ ಮಾಹಿತಿ ಏನಾಗುತ್ತದೆ? ಕೊಡಗಿನಂತಹ ಸಣ್ಣ ಜಿಲ್ಲೆಯಲ್ಲಿ ಊರು, ವಯಸ್ಸು, ಕಾಯಿಲೆ ಮೂರು ಹೇಳಿದರೆ ಯಾರು ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೇ ಊರಿನ ಹೆಸರು ಹೊರಗೆ ಬರುತ್ತದಾ, ಬರೀ ಜಿಲ್ಲೆಯಾ ರಾಜ್ಯವಾ ಅಂತ ನಾನು ಕೇಳಿದೆ, ನೀವೂ ಕೇಳಿ. ಹೊರಗೆ ಬಂದರೂ, ಸೇರದಿದ್ದರೂ, ನಿಮ್ಮ ಚಿಕಿತ್ಸೆಗೆ ತೊಂದರೆ ಆಗಬಾರದು. ಒಪ್ಪಿಗೆ ಪತ್ರದ ಒಂದು ಪ್ರತಿ ಮನೆಗೆ ತನ್ನಿ.

ಇನ್ನೊಂದು. ರಿಜಿಸ್ಟ್ರಿ ಚಿಕಿತ್ಸೆ ಕೊಡುವುದಿಲ್ಲ. ಅಲ್ಲಿ ಬರೆದ ಉತ್ತರವನ್ನು ಅವತ್ತೇ ಯಾರೋ ಡಾಕ್ಟರ್ ನೋಡುತ್ತಾರೆ ಅಂದುಕೊಳ್ಳಬೇಡಿ. ನೀರೂ ಇಳಿಯದಿದ್ದರೆ, ರಕ್ತ ಬಂದರೆ, ಹೊಟ್ಟೆ ಊದಿ ಗಾಳಿಯೂ ಹೋಗದಿದ್ದರೆ, ಮಗು ಹಸಿರು ವಾಂತಿ ಮಾಡಿದರೆ, ನೇರ ಆಸ್ಪತ್ರೆಗೆ ಹೊರಡಿ.

ಉತ್ತರ ರೋಗಿಯದ್ದೇ ಇರಲಿ

ಮೊದಲ ಸಲ ಫಾರ್ಮ್ ತುಂಬುವಾಗ ನಾನೇ ಪಟಪಟ ಉತ್ತರ ಹೇಳುತ್ತಾ ಹೋದೆ. ನೋವು? ಇಲ್ಲ. ನಿದ್ದೆ? ಪರವಾಗಿಲ್ಲ. ಅಲ್ಲಿದ್ದ ಸಿಸ್ಟರ್ ಪೆನ್ನು ಕೆಳಗಿಟ್ಟು, ಅಮ್ಮನ ಹತ್ತಿರ ಒಬ್ಬರೇ ಮಾತಾಡಬಹುದಾ ಅಂದರು. ಹತ್ತು ನಿಮಿಷ ಬಿಟ್ಟು ಒಳಗೆ ಹೋದರೆ ನೋವಿಗೆ ಅಂಕ ಇತ್ತು, ನಿದ್ದೆಗೂ ಇತ್ತು. ಮಧ್ಯರಾತ್ರಿ ಎದೆ ಹಿಂಡಿದಾಗ ಎದ್ದು ಅಡುಗೆಮನೆಯಲ್ಲಿ ಕೂರುತ್ತಿದ್ದರಂತೆ. ನಮ್ಮ ನಿದ್ದೆ ಕೆಡಬಾರದು ಅಂತ ಲೈಟ್ ಕೂಡ ಹಾಕುತ್ತಿರಲಿಲ್ಲವಂತೆ.

ಆಮೇಲಿನ ವರ್ಷಗಳು

ಅಮ್ಮನಿಗೆ ಬಾಯಿಯ ಮೂಲಕವೇ ಟ್ಯೂಬ್ ಇಳಿಸಿ ಸ್ನಾಯು ಕತ್ತರಿಸುವ ಪೋಯಮ್ ಚಿಕಿತ್ಸೆ ಆಯಿತು. ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಮೊದಲು ಮನುಷ್ಯರಿಗೆ ಮಾಡಿದ್ದು ಇದು. ಊಟ ಇಳಿಯುವುದು ಚೆನ್ನಾಗಿ ಸರಿಹೋಗುತ್ತದೆ, ಆದರೆ ಕೆಲವರಲ್ಲಿ ಆಮ್ಲ ಮೇಲೆ ಬರುವುದು ಜಾಸ್ತಿಯಾಗುತ್ತದೆ ಅಂತ ಗೊತ್ತಾದದ್ದು ಚಿಕಿತ್ಸೆ ಆದವರನ್ನು ಬಿಡದೆ ವಿಚಾರಿಸುತ್ತಾ ಹೋದದ್ದರಿಂದ. ಸರಿಹೋಯಿತಲ್ಲ, ಇನ್ನು ಯಾಕೆ ಫೋನ್ ಎತ್ತುವುದು ಅಂತ ಎಲ್ಲರೂ ಬಿಟ್ಟರೆ ಲೆಕ್ಕ ತಪ್ಪುತ್ತದೆ, ತೊಂದರೆ ಇದ್ದವರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತಾರೆ.

ನಮ್ಮಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಫೋನಿನಿಂದ. ಮನೆ ಹತ್ತಿರ ಟವರ್ ಸಿಗುವುದಿಲ್ಲ ಅಂತ ಸಿಮ್ ಬದಲಿಸುತ್ತೇವೆ, ರಿಜಿಸ್ಟ್ರಿಯವರ ಹತ್ತಿರ ಹಳೇ ನಂಬರೇ ಇರುತ್ತದೆ. ನಾವೂ ಹೀಗೆ ಒಂದು ವರ್ಷದ ಫಾಲೋಅಪ್ ಕಳೆದುಕೊಂಡೆವು. ಈಗ ಮೂರು ನಂಬರ್ ಕೊಟ್ಟಿದ್ದೇವೆ: ಅಮ್ಮನದು, ನನ್ನದು, ಬೆಂಗಳೂರಿನ ಅಕ್ಕನದು. ಜೊತೆಗೆ ಅಂಚೆ ವಿಳಾಸ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇರುವುದಿಲ್ಲ, ಸಾಧ್ಯವಾದರೆ ಫೆಬ್ರವರಿ ಮಾರ್ಚ್‌ನಲ್ಲಿ ಕರೆಯಿರಿ ಅಂತ ಮೊದಲೇ ಹೇಳಿದ್ದೇವೆ, ಕಾಫಿ ಕುಯ್ಲೂ ಅಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ರಿಜಿಸ್ಟ್ರಿ ನಂಬರನ್ನು ಅಮ್ಮನ ರೇಷನ್ ಕಾರ್ಡಿನ ಕವರ್ ಒಳಗೆ ಚೀಟಿಯಲ್ಲಿ ಬರೆದಿಟ್ಟಿದೆ, ಯಾಕೆಂದರೆ ಮನೆಯಲ್ಲಿ ಯಾವತ್ತೂ ಕಳೆದುಹೋಗದ ವಸ್ತು ಅದೊಂದೇ. ಬೇರೆ ಊರಿನಲ್ಲಿ ಆಪರೇಷನ್ ಆದರೆ, ಮದ್ದು ಬದಲಾದರೆ, ಅವರು ಕೇಳುವ ತನಕ ಕಾಯದೆ ನಾವೇ ತಿಳಿಸುತ್ತೇವೆ.

ಈ ವರ್ಷದ ಕರೆ ಮಾರ್ಚ್‌ನಲ್ಲಿ ಬಂತು. ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ, ಅಮ್ಮ ಅಲ್ಲಿಗೇ ಕುರ್ಚಿ ಹಾಕಿಸಿಕೊಂಡು ಕ್ಯಾಲೆಂಡರ್ ತೊಡೆಯ ಮೇಲಿಟ್ಟು ಕೂತರು. ನಾನು ದೂರದಲ್ಲಿ ಕಾಫಿ ಬೀಜ ಕೈಯಾಡಿಸುತ್ತಿದ್ದೆ. ನುಂಗಲು ಕಷ್ಟವಾ ಅಂತ ಕೇಳಿದ್ದಕ್ಕೆ ಅವರು ಪುಟ ತಿರುವಿ, ಬೆರಳಿಟ್ಟು ಎಣಿಸಿ, "ಹದಿನಾಲ್ಕು ದಿನದಲ್ಲಿ ಎರಡು ಸಲ, ಎರಡು ಸಲವೂ ರೊಟ್ಟಿ" ಅಂದರು.